ಹರ್ತಿಕೋಟೆಯಿಂದ ಹೊರಟ ಕುಂಚ

‘ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?’

ಮಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುಡ್ಡವನ್ನೋ ಗುಡಿಯನ್ನೋ ಬರೆಯುತ್ತ ಕುಳಿತರೆ, ತಾಳ್ಯದಂಥ ಊರುಗಳ ತಂದೆತಾಯಿಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಪ್ರಶ್ನೆ ತಪ್ಪೇನೂ ಅಲ್ಲ. ಮಳೆಯನ್ನೇ ನಂಬಿದ ಸೀಮೆಯಲ್ಲಿ ಅನ್ನದ ಚಿಂತೆ ಸಹಜ. ಆದರೆ ಇದೇ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಬದುಕು ಅದಕ್ಕೊಂದು ಉತ್ತರದಂತಿದೆ.

ಮೈಸೂರನ್ನು ಕರ್ಮಭೂಮಿಯಾಗಿಸಿಕೊಂಡ ತಿಪ್ಪೇಸ್ವಾಮಿ ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಜಲವರ್ಣ ಸುಲಭದ ಮಾಧ್ಯಮವಲ್ಲ. ತೈಲವರ್ಣದಲ್ಲಿ ತಪ್ಪಾದರೆ ಅದರ ಮೇಲೆ ಇನ್ನೊಂದು ಪದರ ಬಳಿಯಬಹುದು. ಜಲವರ್ಣ ಪಾರದರ್ಶಕ, ಅಡಿಯ ತಪ್ಪು ಮೇಲೆ ಇಣುಕುತ್ತಲೇ ಇರುತ್ತದೆ. ಬೆಳಕು ಬೇಕಾದೆಡೆ ಕಾಗದವನ್ನೇ ಬಿಳಿಯಾಗಿ ಉಳಿಸಿಕೊಳ್ಳಬೇಕು. ಅಂದರೆ, ಎಲ್ಲಿ ಬಣ್ಣ ಹಚ್ಚಬಾರದು ಎಂಬುದು ಮೊದಲೇ ತಿಳಿದಿರಬೇಕು. ಬಯಲಿನ ಬಿಸಿಲಿಗೆ ನೀರು ಬೇಗ ಆರುತ್ತದೆ. ಕೈ ಅದಕ್ಕಿಂತ ಚುರುಕಾಗಿರಬೇಕು.

ಅವರ ಕಣ್ಣು ನಿಸರ್ಗಕ್ಕಷ್ಟೇ ಸೀಮಿತವಾಗಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಆರಂಭವಾದದ್ದು 1968ರಲ್ಲಿ. ಜೀ.ಶಂ. ಪರಮಶಿವಯ್ಯ ಅವರೊಂದಿಗೆ ಅದನ್ನು ಕಟ್ಟಿ ಬೆಳೆಸಿದವರಲ್ಲಿ ತಿಪ್ಪೇಸ್ವಾಮಿ ಪ್ರಮುಖರು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ನೆಲೆಗೊಂಡ ಆ ಸಂಗ್ರಹದಲ್ಲಿ ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ, ಬೇಸಾಯದ ಸಲಕರಣೆ, ಅಡುಗೆಮನೆಯ ಸಾಮಾನುಗಳೆಲ್ಲ ಸೇರಿದವು. ಬಳಕೆ ತಪ್ಪಿದ ಇಂಥ ವಸ್ತುಗಳು ಹಳ್ಳಿಗಳಲ್ಲಿ ಅಟ್ಟ ಸೇರುತ್ತವೆ, ಇಲ್ಲವೇ ಒಲೆಗೋ ಗುಜರಿಗೋ ಹೋಗುತ್ತವೆ. ಒಮ್ಮೆ ಹೋದವು ಮರಳುವುದಿಲ್ಲ. ಕೊಳಗದ ದುಂಡಿನಲ್ಲಿ, ಕೂರಿಗೆಯ ಬಟ್ಟಲಿನಲ್ಲಿ ಚೆಲುವನ್ನು ಕಾಣಲು ಕಲಾವಿದನ ಕಣ್ಣೇ ಬೇಕಿತ್ತು.

ತಿಪ್ಪೇಸ್ವಾಮಿ ಕರ್ನಾಟಕ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 2000ದಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಮೈಸೂರಿನಲ್ಲಿ ಕಲಾವಿದರಿಗೆ ಪ್ರಶಸ್ತಿ ನೀಡುತ್ತ ಬಂದಿದೆ.

ಚಿತ್ರ ಬರೆಯುವ ಎಲ್ಲ ಮಕ್ಕಳೂ ಕಲಾವಿದರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ನೋಡುವುದನ್ನು ಕಲಿತ ಕಣ್ಣು ಯಾವ ಕೆಲಸದಲ್ಲೂ ವ್ಯರ್ಥವಲ್ಲ. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಅಲ್ಲಿರುವ ಒಂದು ಹಳೆಯ ವಸ್ತುವನ್ನು ಇಳಿಸಿ, ಧೂಳು ಒರೆಸಿ, ಅದರ ಚಿತ್ರ ಬರೆಯಿರಿ. ಅದರ ಹೆಸರು, ಬಳಕೆಯನ್ನು ಅಜ್ಜಿಯನ್ನು ಕೇಳಿ ಕೆಳಗೆ ಬರೆದಿಡಿ. ತಂದೆತಾಯಂದಿರು ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಗಳಿಗೆ ಆ ಚಿತ್ರವನ್ನು ನೋಡಲಿ.