ಲೋಹ ಅಳವಡಿಸಿದ ಮಗುವಿಗೆ ಸಿ.ಟಿ. ಸ್ಕ್ಯಾನ್

ಮರದಿಂದ ಬಿದ್ದು ತೊಡೆಯ ಮೂಳೆ ಮುರಿದ ಮಗುವಿಗೆ ಒಳಗೆ ಲೋಹದ ಸರಳನ್ನು ಸೇರಿಸಿ ಮೂಳೆಯನ್ನು ಕೂಡಿಸುವುದುಂಟು. ಬಾಗಿದ ಬೆನ್ನುಮೂಳೆಯನ್ನು ನೆಟ್ಟಗಾಗಿಸಲು ಸರಳು ಹಾಗೂ ತಿರುಪುಗಳನ್ನು ಅಳವಡಿಸುವುದುಂಟು. ಇಂತಹ ಮಗುವಿಗೆ ಮುಂದೆ ಸಿ.ಟಿ. ಸ್ಕ್ಯಾನ್ ಅಗತ್ಯವಾದಾಗ ಚಿತ್ರವು ಸ್ಪಷ್ಟವಾಗಿ ಬರುವುದು ಬಹು ಮುಖ್ಯ. ಮೂಳೆ ಕೂಡಿದೆಯೇ, ತಿರುಪು ತನ್ನ ಸ್ಥಳದಲ್ಲಿದೆಯೇ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ನಿರ್ಧರಿಸಲು ವೈದ್ಯರಿಗೆ ಆ ಚಿತ್ರವೇ ದೊಡ್ಡ ಆಧಾರ.

ಚಿತ್ರ ಕೆಡುವುದೇಕೆ?

1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಪರೀಕ್ಷೆಗೆ ಬಳಕೆಯಾದ ಈ ವಿಧಾನದಲ್ಲಿ, ಯಂತ್ರವು ದೇಹದ ಸುತ್ತಲಿನಿಂದ ಕ್ಷ-ಕಿರಣಗಳನ್ನು ಹಾಯಿಸಿ, ಆಚೆಗೆ ದಾಟಿದ ಕಿರಣಗಳನ್ನು ಅಳೆಯುತ್ತದೆ. ಆ ಅಳತೆಗಳಿಂದ ಕಂಪ್ಯೂಟರು ಚಿತ್ರವನ್ನು ರಚಿಸುತ್ತದೆ. ಲೋಹವು ಕಿರಣಗಳನ್ನು ಮೂಳೆಗಿಂತಲೂ ಹೆಚ್ಚಾಗಿ ತಡೆಯುವುದರಿಂದ ಅಳತೆ ತಪ್ಪಿ, ಚಿತ್ರದಲ್ಲಿ ಕಪ್ಪು ಬಿಳುಪು ಗೆರೆಗಳು ಮೂಡಿ, ಪಕ್ಕದ ಮೂಳೆಮಾಂಸಗಳನ್ನು ಮರೆಮಾಡುತ್ತವೆ. ಉಕ್ಕಿನಿಂದ ಈ ತೊಂದರೆ ಹೆಚ್ಚು. ಹಗುರವಾದ ಟೈಟಾನಿಯಂ ಲೋಹದಿಂದ ಕಡಿಮೆ. ಮಗು ಅಲುಗಾಡಿದರೆ ಚಿತ್ರ ಇನ್ನಷ್ಟು ಕೆಡುತ್ತದೆ.

ಪರಿಹಾರವೇನು?

ಕಿರಣಗಳ ಪ್ರಮಾಣವನ್ನು ಹೆಚ್ಚಿಸುತ್ತ ಹೋಗುವುದು ಮಕ್ಕಳಿಗೆ ಹಿತವಲ್ಲ. ಬೆಳೆಯುವ ದೇಹಕ್ಕೆ ಕಿರಣಗಳ ಅಪಾಯ ದೊಡ್ಡವರಿಗಿಂತ ಹೆಚ್ಚು. ಆದುದರಿಂದ ತಜ್ಞರು ಅಗತ್ಯವಾದ ಭಾಗವನ್ನು ಮಾತ್ರ ಪರೀಕ್ಷಿಸುತ್ತಾರೆ. ಸಾಧ್ಯವಾದೆಡೆ ಕಿರಣಗಳು ಸರಳಿನ ಉದ್ದಕ್ಕೆ ಹಾಯದೆ ಅಡ್ಡಲಾಗಿ ಹಾಯುವಂತೆ ಮಗುವನ್ನು ಮಲಗಿಸುತ್ತಾರೆ. ಕೆಲವು ಯಂತ್ರಗಳಲ್ಲಿ ತೆಳುವಾದ ತವರದ ಫಲಕವು ದುರ್ಬಲ ಕಿರಣಗಳನ್ನು ಸೋಸುತ್ತದೆ. ಇನ್ನು ಕೆಲವು ಯಂತ್ರಗಳು ಎರಡು ಬಗೆಯ ಶಕ್ತಿಯ ಕಿರಣಗಳನ್ನು ಬಳಸಿಯೋ, ಕಂಪ್ಯೂಟರಿನ ವಿಶೇಷ ಲೆಕ್ಕಾಚಾರದಿಂದಲೋ ಗೆರೆಗಳನ್ನು ತಗ್ಗಿಸುತ್ತವೆ.

ತಂದೆತಾಯಿಗಳು ಮಾಡಬೇಕಾದುದು

1. ಶಸ್ತ್ರಚಿಕಿತ್ಸೆಯ ಕಾಗದಪತ್ರ ಹಾಗೂ ಹಳೆಯ ಚಿತ್ರಗಳನ್ನು ತಪ್ಪದೆ ತನ್ನಿರಿ. ಯಾವ ಲೋಹವೆಂದು ತಿಳಿದರೆ ಯಂತ್ರವನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು.

2. ಬೆಳ್ಳಿಯ ಉಡಿದಾರ, ತಾಯಿತ, ಓಲೆ, ಬಳೆ, ಕಾಲ್ಗಡಗ, ಪಿನ್ನುಗಳನ್ನು ತೆಗೆದಿಡಿರಿ. ಇವೂ ಲೋಹಗಳೇ ಎಂಬುದನ್ನು ಮರೆಯಬೇಡಿರಿ.

3. ಪರೀಕ್ಷೆಯಿಂದ ನೋವಾಗದೆಂದೂ ಕೆಲವೇ ಕ್ಷಣ ಅಲುಗದೆ ಮಲಗಬೇಕೆಂದೂ ಮಗುವಿಗೆ ಮುಂಚಿತವಾಗಿ ತಿಳಿಹೇಳಿರಿ. ಮನೆಯಲ್ಲೇ ಚಾಪೆಯ ಮೇಲೆ ಆಟದಂತೆ ಅಭ್ಯಾಸ ಮಾಡಿಸಬಹುದು.

4. ನಿದ್ರೆಯ ಔಷಧ ಕೊಡುವುದಿದ್ದರೆ ಊಟ ಮತ್ತು ಹಾಲನ್ನು ನಿಲ್ಲಿಸಲು ವೈದ್ಯರು ತಿಳಿಸಿದ ವೇಳೆಯನ್ನು ಕಟ್ಟುನಿಟ್ಟಾಗಿ ಪಾಲಿಸಿರಿ.

5. ತಾಯಿಯು ಗರ್ಭಿಣಿಯಾಗಿದ್ದರೆ ಅಥವಾ ಮುಟ್ಟು ನಿಂತಿದ್ದರೆ ಯಂತ್ರದ ಕೋಣೆಯಲ್ಲಿ ನಿಲ್ಲಬಾರದು. ತಂದೆಯು ಸೀಸದ ರಕ್ಷಾಕವಚ ಧರಿಸಿ ಮಗುವಿನ ಬಳಿ ನಿಲ್ಲಬಹುದು.

ಈ ಯಂತ್ರವು ಒಳಗಿನ ಲೋಹವನ್ನು ಸೆಳೆದುಬಿಡುತ್ತದೆಂಬ ಭಯ ಬೇಡ, ಸಿ.ಟಿ. ಸ್ಕ್ಯಾನಿನಲ್ಲಿ ಅಯಸ್ಕಾಂತವಿಲ್ಲ. ಅಯಸ್ಕಾಂತವಿರುವುದು ಎಂ.ಆರ್.ಐ. ಯಂತ್ರದಲ್ಲಿ, ಅಲ್ಲಿಗೆ ಹೋದಾಗ ಲೋಹದ ವಿಷಯವನ್ನು ಮೊದಲೇ ತಿಳಿಸಲೇಬೇಕು.

ಮೊದಲ ಬಾರಿಗೇ ಒಳ್ಳೆಯ ಚಿತ್ರ ದೊರೆತರೆ ಎರಡನೆಯ ಬಾರಿ ಮಗುವಿನ ಮೈಮೇಲೆ ಕಿರಣ ಹಾಯಿಸಬೇಕಾಗುವುದಿಲ್ಲ. ಇದರಲ್ಲಿ ಯಂತ್ರದ ಪಾಲು ಎಷ್ಟೋ, ನಿಮ್ಮ ಎಚ್ಚರಿಕೆಯ ಪಾಲೂ ಅಷ್ಟೇ.