ಕರಡಿಗಿಂತ ಹುಳದ ಕಾಟವೇ ಜಾಸ್ತಿ!

ಜೇನಿಗೆ ಶತ್ರು ಯಾರು ಅಂತ ಮೊಳಕಾಲ್ಮುರು ತಾಲ್ಲೂಕಿನ ನಮ್ಮ ದೇವಸಮುದ್ರದ ಕಡೆ ಯಾರನ್ನೇ ಕೇಳಿ, ಮೊದಲು ಬರೋ ಹೆಸರು ಕರಡಿ. ಇದು ಬಂಡೆಗುಡ್ಡಗಳ ಸೀಮೆ. ಪಕ್ಕದ ಬಳ್ಳಾರಿ ಕಡೆಯ ದರೋಜಿಯಲ್ಲಂತೂ 1994ರಿಂದ ಕರಡಿಧಾಮವೇ ಇದೆ. ಆದರೆ ತೋಟದಲ್ಲಿ ಎರಡು ಪೆಟ್ಟಿಗೆ ತುಡುವೆ ಜೇನು ಸಾಕಿರೋ ನಮ್ಮ ದೊಡ್ಡಪ್ಪನ ಲೆಕ್ಕವೇ ಬೇರೆ. "ಕರಡಿ ಬಂದ್ರೆ ಸದ್ದಾಗ್ತದೆ ಕಣಪ್ಪ. ಹುಳ ಬಂದ್ರೆ ಪೆಟ್ಟಿಗೆ ಖಾಲಿ ಆದ್ಮೇಲೇ ಗೊತ್ತಾಗೋದು" ಅಂತಾರೆ.

ಅವರು ಹೇಳೋದು ಮೇಣದ ಪತಂಗದ ಮರಿಹುಳುಗಳ ವಿಷಯ. ಬೂದುಬಣ್ಣದ ಪತಂಗ ರಾತ್ರಿ ಪೆಟ್ಟಿಗೆಗೆ ನುಸುಳಿ ಸಂದುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಎರಿಯೊಳಗೆ ಸುರಂಗ ಕೊರೆಯುತ್ತಾ, ಹೋದಲ್ಲೆಲ್ಲ ರೇಷ್ಮೆಯಂಥ ಬಲೆ ನೇಯುತ್ತವೆ. (ಮೊಳಕಾಲ್ಮುರು ರೇಷ್ಮೆಗೆ ಎಷ್ಟೇ ಹೆಸರಿದ್ದರೂ ಈ ರೇಷ್ಮೆ ಯಾರಿಗೂ ಬೇಡ!) ಹೊಸ ಬಿಳಿ ಎರಿ ಇವಕ್ಕೆ ಅಷ್ಟಾಗಿ ಒಗ್ಗದು. ಬರೀ ಮೇಣದಲ್ಲಿ ಸತ್ವ ಎಲ್ಲಿದೆ? ಪರಾಗ ಮೆತ್ತಿದ, ಮರಿಜೇನುಗಳು ಬಿಟ್ಟ ಪೊರೆ ಸೇರಿ ಕಪ್ಪಾದ ಹಳೇ ಎರಿಯೇ ಬೇಕು.

ನೊಣ ತುಂಬಿರೋ ಗಟ್ಟಿ ಕುಟುಂಬದಲ್ಲಿ ಇವುಗಳ ಆಟ ಅಷ್ಟಾಗಿ ನಡೆಯಲ್ಲ, ಕೆಲಸಗಾರ ನೊಣಗಳೇ ಎಳೆದು ಹೊರಗೆ ಹಾಕ್ತವೆ. ಹೊಂಗೆ, ಬೇವಿನ ಹೂವು ಮುಗಿದು, ಮಳೆಯೂ ಕೈಕೊಟ್ಟು, ಮೇವಿಲ್ಲದೆ ನೊಣ ಕಡಿಮೆಯಾದಾಗ ಪತಂಗಕ್ಕೆ ಹಬ್ಬ. ಕೊನೆಗೆ ಉಳಿದ ನೊಣಗಳೂ ಪೆಟ್ಟಿಗೆ ಬಿಟ್ಟು ಪರಾರಿ. ಹಾಗಾಗಿ ನನ್ನ ಪ್ರಕಾರ ನಮ್ಮ ಬಯಲುಸೀಮೆಯಲ್ಲಿ ಜೇನಿನ ಮೊದಲ ಶತ್ರು ಹಸಿವು. ಹುಳ ಅದರ ಹಿಂದೆ ಬರೋದು.

ಉಳಿದ ಶತ್ರುಗಳಿಗೆ ಜೇನಿನ ಹತ್ತಿರವೇ ಉತ್ತರ ಇದೆ. ಕಣಜದ ಹುಳು ಗೂಡಿಗೆ ಬಂದರೆ ತುಡುವೆ ನೊಣಗಳು ಅದನ್ನು ಉಂಡೆಯಂತೆ ಮುತ್ತಿಕೊಂಡು, ಮೈ ಅದುರಿಸಿ, ಸುಮಾರು 45 ಡಿಗ್ರಿ ಶಾಖದಲ್ಲಿ ಬೇಯಿಸಿಬಿಡುತ್ತವೆ. ಬಂಡೆಯ ಹೆಜ್ಜೇನು ಹಿಂಭಾಗ ಎತ್ತಿ ಎತ್ತಿ ಗೂಡಿನ ಮೇಲೆಲ್ಲ ಅಲೆ ಎಬ್ಬಿಸಿ ಹೆದರಿಸುತ್ತದೆ. ಕರೆಂಟ್ ತಂತಿ ಮೇಲೆ ಕೂತ ಕಳ್ಳಿಪೀರ ಹಕ್ಕಿ ನೊಣ ಹಿಡಿದು, ಉಜ್ಜಿ ಕೊಂಡಿ ತೆಗೆದು ತಿನ್ನುತ್ತೆ, ನಿಜ. ತಿನ್ಲಿ ಬಿಡಿ, ಅದೂ ಬದುಕಬೇಕಲ್ಲ. ಉತ್ತರವೇ ಸಿಗದೆ ಹೋಗಿದ್ದು ಥಾಯ್ ಸ್ಯಾಕ್‌ಬ್ರೂಡ್ ವೈರಸ್‌ಗೆ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಅದು ಮರಿಗಳನ್ನು ನೀರುಚೀಲದಂತೆ ಮಾಡಿ ಕೊಂದು, ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು.

ಟೆರೇಸ್ ಮೇಲೆ ಪೆಟ್ಟಿಗೆ ಇಡಬೇಕು ಅಂತಿರೋ ಬೆಂಗಳೂರಿನ ಗೆಳೆಯರು ಕೇಳೋದು ಒಂದೇ: "ಯಾವ ಸ್ಪ್ರೇ ಹೊಡೀಬೇಕು?" ದಯವಿಟ್ಟು ಯಾವುದೂ ಬೇಡ, ಮೊದಲು ಸಾಯೋದು ನೊಣಗಳೇ. ದೊಡ್ಡಪ್ಪ ಮಾಡೋದು ಇಷ್ಟು: ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಇರುವೆ ಹತ್ತದ ಹಾಗೆ. ವಾರಕ್ಕೊಮ್ಮೆ ಅಡಿಮಣೆ ಗುಡಿಸೋದು. ಹೂವಿಲ್ಲದ ಕಾಲಕ್ಕೆ ಸಕ್ಕರೆ ಪಾಕ, ಅದೂ ಸಂಜೆ ಹೊತ್ತು, ಬೇರೆ ಗೂಡಿನ ನೊಣ ಲೂಟಿಗೆ ಬರದ ಹಾಗೆ. ನೊಣ ಕೂರದ ಎರಿ ಕಂಡರೆ ತಕ್ಷಣ ತೆಗೀತಾರೆ. ತೆಗೆದ ಎರಿಯನ್ನು ಮೂಲೆಗೆ ಮಾತ್ರ ಎಸೀಬೇಡಿ, ಅಲ್ಲೇ ಪತಂಗ ಮತ್ತೆ ಮರಿ ಮಾಡುತ್ತೆ. ಬಿಸಿನೀರಲ್ಲಿ ಕರಗಿಸಿ ಸೋಸಿದರೆ ಒಳ್ಳೇ ಮೇಣ ಸಿಗುತ್ತೆ.