ಹಳೆ ಎಂ3 ತಗೊಳ್ಳೋದಾ, ಹಳೆ 911 ತಗೊಳ್ಳೋದಾ?

ಹಾಸ್ಟೆಲ್ ರೂಮಲ್ಲಿ ಕೂತು ಕೇಳೋಕೆ ಇದು ದುಬಾರಿ ತಮಾಷೆ ಅನ್ನಿಸಬಹುದು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಹೊರದೇಶದಿಂದ ತರಿಸಿಕೊಳ್ಳೋಕೆ ನಮ್ಮಲ್ಲಿ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಆದರೆ ಜರ್ಮನಿಗೆ ಎಂ.ಎಸ್. ಮಾಡೋಕೆ ಹೋಗಿ ಅಲ್ಲೇ ಕೆಲಸ ಹಿಡಿದ ಸೀನಿಯರ್‌ಗಳಿಗೆ ಇದು ತಮಾಷೆಯಲ್ಲ. ಎರಡು ಮೂರು ವರ್ಷ ಕೂಡಿಟ್ಟ ದುಡ್ಡು ಕೈಯಲ್ಲಿದೆ, ಎದುರಿಗೆ ಎರಡು ಕಾರು ನಿಂತಿವೆ. ಒಂದು ಬಿಎಂಡಬ್ಲ್ಯು ಎಂ3, ಇ46 ಪೀಳಿಗೆಯದ್ದು, 2000ರಿಂದ 2006ರವರೆಗೆ ತಯಾರಾದದ್ದು. ಇನ್ನೊಂದು ಪೋರ್ಷೆ 911, 996 ಅಂತ ಕರೆಯೋ ಪೀಳಿಗೆ, 1990ರ ದಶಕದ ಕೊನೆಗೆ ಬಂದ ಮೊದಲ ವಾಟರ್ ಕೂಲ್ಡ್ 911. ಯಾವುದರ ಎಂಜಿನ್ ಕೈಕೊಟ್ಟರೂ ರಿಪೇರಿ ಬಿಲ್ಲು ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತೆ. ಹಾಗಾಗಿ ಯಾವುದು ಜಾಸ್ತಿ ಫಾಸ್ಟು ಅನ್ನೋದಕ್ಕಿಂತ ಯಾವುದು ಹೇಗೆ ಕೆಡುತ್ತೆ ಅನ್ನೋದನ್ನ ನೋಡೋಣ.

ಫಾಸ್ಟಿನ ಲೆಕ್ಕ ಹೇಗೂ ಬೇಗ ಮುಗಿಯುತ್ತೆ. ಎಂ3ಗೆ 3.2 ಲೀಟರಿನ, ಸಾಲಾಗಿ ನಿಂತ ಆರು ಸಿಲಿಂಡರು, 343 ಪಿಎಸ್, ತೂಕ ಸುಮಾರು 1,500 ಕೆಜಿ. ಮೊದಲ 996 ಕರೇರಾಗೆ 3.4 ಲೀಟರಿನ ಬಾಕ್ಸರ್ ಆರು, 300 ಪಿಎಸ್, ತೂಕ 1,320 ಕೆಜಿ. ಭಾಗಿಸಿ ನೋಡಿ, ಎರಡೂ ಟನ್ನಿಗೆ 230 ಪಿಎಸ್ ಆಸುಪಾಸಿನಲ್ಲೇ ನಿಲ್ಲುತ್ತವೆ.

ಮೊದಲು ಎಂ3. ಸ್ಟ್ರೋಕ್ 91 ಮಿಮೀ, ರೆಡ್‌ಲೈನ್ 8,000 ಆರ್‌ಪಿಎಂ. ಎರಡನೇ ವರ್ಷದಲ್ಲಿ ಕಲಿತ ಸೂತ್ರಕ್ಕೆ ಹಾಕಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ದಾಟುತ್ತೆ. ರಸ್ತೆ ಕಾರಿಗೆ ಇದು ವಿಪರೀತ. ಜಡತ್ವದ ಬಲ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರೋದರಿಂದ ಕನೆಕ್ಟಿಂಗ್ ರಾಡಿನ ಬೇರಿಂಗುಗಳ ಮೇಲೆ ಭಾರೀ ಹೊರೆ ಬೀಳುತ್ತೆ. ಶುರುವಿನ ಕೆಲವು ವರ್ಷಗಳ ಕಾರುಗಳಲ್ಲಿ ಈ ಬೇರಿಂಗುಗಳು ಸವೆದು ಎಂಜಿನ್‌ಗಳೇ ಹೋದವು, ಕಂಪನಿಯೇ ಕಾರುಗಳನ್ನು ಕರೆಸಿ ಬೇರಿಂಗ್ ಬದಲಿಸಿಕೊಟ್ಟಿತು. ಇದಕ್ಕೆ ಹಾಕೋ ಆಯಿಲ್ ಕೂಡ 10ಡಬ್ಲ್ಯು-60, ಮಾಮೂಲಿ ಕಾರಿನದ್ದಲ್ಲ. ಒಂದು ಚಂದದ ವಿಷಯ ಅಂದರೆ ಆರ್‌ಪಿಎಂ ಮೀಟರಿನ ಸುತ್ತ ಪುಟ್ಟ ದೀಪಗಳಿವೆ. ಆಯಿಲ್ ಬಿಸಿಯಾದ ಹಾಗೆಲ್ಲ ಒಂದೊಂದೇ ಆರುತ್ತಾ, ಈಗ ಇಷ್ಟರ ತನಕ ಓಡಿಸಬಹುದು ಅಂತ ಹೇಳುತ್ತವೆ. ಹಳೆ ಮಾಲೀಕ ಅದನ್ನ ನೋಡಿ ಓಡಿಸಿದ್ದನಾ ಅನ್ನೋದು ಬೇರೆ ಮಾತು.

ಎಂ3ಯ ಎರಡನೇ ರೋಗ ಹಿಂದಿನ ನೆಲದ ತಗಡಿನಲ್ಲಿದೆ. ಹಿಂದಿನ ಸಬ್‌ಫ್ರೇಮ್ ಬಾಡಿಗೆ ನಾಲ್ಕು ಜಾಗದಲ್ಲಿ ಬೋಲ್ಟಾಗಿರುತ್ತೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆತ. ಲಕ್ಷಾಂತರ ಸಲ ಹೀಗಾದ ಮೇಲೆ ಆ ಜಾಗಗಳ ಸುತ್ತ ಬಿರುಕು ಬಿಡುತ್ತೆ. ಮೆಷಿನ್ ಡಿಸೈನ್ ಕ್ಲಾಸಿನ ಫೆಟೀಗ್ ಅಧ್ಯಾಯವೇ ಇಲ್ಲಿ ಕಣ್ಣಿಗೆ ಕಾಣುತ್ತೆ. ಲಿಫ್ಟಿಗೆ ಏರಿಸಿ, ಟಾರ್ಚ್ ಹಿಡಿದು, ತಗಡು ಒರೆಸಿ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತೆ. ಬಲಪಡಿಸೋ ಪ್ಲೇಟುಗಳನ್ನ ವೆಲ್ಡ್ ಮಾಡಿಸಿದರೆ ಸಮಸ್ಯೆ ಹತೋಟಿಗೆ ಬರುತ್ತೆ.

911ರ ರೋಗ ಹೊಟ್ಟೆಯೊಳಗಿನದ್ದು. ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರುಗಳು ಎರಡೂ ಪಕ್ಕ ಮಲಗಿರೋದರಿಂದ ಕ್ಯಾಮ್‌ಶಾಫ್ಟುಗಳು ಕ್ರ್ಯಾಂಕಿನಿಂದ ದೂರ. ಹಾಗಾಗಿ ಕ್ರ್ಯಾಂಕಿನ ಕೆಳಗೆ ಒಂದು ನಡುವಿನ ಶಾಫ್ಟ್ ಇಟ್ಟು ಅದರಿಂದ ಚೈನುಗಳನ್ನ ಓಡಿಸ್ತಾರೆ. ಅದನ್ನೇ ಎಲ್ಲರೂ ಐಎಂಎಸ್ ಅನ್ನೋದು. ಇದರ ಫ್ಲೈವೀಲ್ ಕಡೆಯ ತುದಿ ಒಂದು ಸೀಲ್ಡ್ ಬಾಲ್ ಬೇರಿಂಗ್ ಮೇಲೆ ನಿಂತಿದೆ. ಒಳಗೆ ಗ್ರೀಸು, ಮೇಲೆ ಸೀಲು. ವರ್ಷಗಳು ಕಳೆದಂತೆ ಎಂಜಿನ್ನಿನ ಬಿಸಿ ಆಯಿಲ್ ಆ ಸೀಲು ದಾಟಿ ಒಳಗೆ ಜಿನುಗಿ ಗ್ರೀಸನ್ನ ತೊಳೆದುಹಾಕುತ್ತೆ, ಆದರೆ ಹೊಸ ಆಯಿಲ್ ಸರಿಯಾಗಿ ಬಂದುಹೋಗೋದಿಲ್ಲ. ಗ್ರೀಸೂ ಇಲ್ಲ, ಆಯಿಲ್ಲೂ ಇಲ್ಲ ಅನ್ನೋ ಸ್ಥಿತಿ. ಬಾಲುಗಳು ಸವೆದು ಶಾಫ್ಟ್ ಅಲುಗಾಡಿತು ಅಂದರೆ ಟೈಮಿಂಗ್ ತಪ್ಪುತ್ತೆ, ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತೆ. ಅಲ್ಲಿಗೆ ಎಂಜಿನ್ ಕಥೆ ಮುಗೀತು. ಮೊದಮೊದಲ ಕಾರುಗಳಲ್ಲಿದ್ದ ಎರಡು ಸಾಲಿನ ಬೇರಿಂಗಿಗಿಂತ ಆಮೇಲೆ ಬಂದ ಒಂದು ಸಾಲಿನದ್ದೇ ಜಾಸ್ತಿ ತೊಂದರೆ ಕೊಟ್ಟಿದ್ದು. ಅದೇ ಪೀಳಿಗೆಯ ಟರ್ಬೋ, ಜಿಟಿ3ಗಳ ಎಂಜಿನ್ ಬೇರೆ ವಂಶದ್ದು, ಅಲ್ಲಿ ಈ ಕಾಟವಿಲ್ಲ. ಆದರೆ ಅವುಗಳ ಬೆಲೆ ಕೇಳಿದ ಮೇಲೆ ಈ ಲೇಖನ ಓದೋ ಅಗತ್ಯವೇ ಬೀಳಲ್ಲ. ಇದರ ಜೊತೆಗೆ ಸಿಲಿಂಡರಿನ ಗೋಡೆಗೆ ಗೀರು ಬೀಳೋ ಕಾಯಿಲೆಯೂ ಇದೆ. ಬೋರ್‌ಸ್ಕೋಪ್ ಇಳಿಸಿ ನೋಡದೆ ದುಡ್ಡು ಕೊಡಲೇಬಾರದು.

ಈಗ ಎಫ್‌ಎಂಇಎ ನೆನಪಿಸಿಕೊಳ್ಳಿ. ತೀವ್ರತೆ, ಎಷ್ಟು ಸಲ ಆಗುತ್ತೆ, ಮೊದಲೇ ಪತ್ತೆಯಾಗುತ್ತಾ, ಈ ಮೂರನ್ನ ಗುಣಿಸೋದು. ಎಂ3ಯ ನೆಲದ ಬಿರುಕು ತುಂಬಾ ಕಾರುಗಳಲ್ಲಿ ಇರುತ್ತೆ, ಆದರೆ ನಿಧಾನಕ್ಕೆ ಬೆಳೆಯುತ್ತೆ, ಕಣ್ಣಿಗೂ ಬೀಳುತ್ತೆ. ರಾಡ್ ಬೇರಿಂಗ್ ಸವೆಯೋದನ್ನ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಹಿಡಿಯೋಕೆ ಅವಕಾಶವಿದೆ. ಐಎಂಎಸ್ ಬೇರಿಂಗ್ ಕೆಡೋ ಕಾರುಗಳು ಕಡಿಮೆ, ಬಹುಪಾಲು 996ಗಳು ಇದಿಲ್ಲದೇ ಓಡಾಡಿಕೊಂಡಿವೆ. ಆದರೆ ಕೆಟ್ಟರೆ ತೀವ್ರತೆ ಹತ್ತಕ್ಕೆ ಹತ್ತು, ಮುನ್ಸೂಚನೆ ಬಹಳ ಸಲ ಇರೋದೇ ಇಲ್ಲ. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಮಿಣುಕು ಇದೆಯಾ ನೋಡಬಹುದು, ಅಷ್ಟೇ.

ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ, ಜನ ಅದನ್ನ ಟ್ಯೂಫ್ ಅಂತಾರೆ. ಅದರಲ್ಲಿ ಪಾಸಾದ ಕಾರಿನ ಬ್ರೇಕು, ಹೊಗೆ, ತುಕ್ಕು ಸರಿಯಿದೆ ಅಂತ ನಂಬಬಹುದು. ಬೇರಿಂಗನ್ನ ಅಲ್ಲಿ ಯಾರೂ ಬಿಚ್ಚಿ ನೋಡಲ್ಲ. ಅದಕ್ಕೇ ನಾವು ಕಿಲೋಮೀಟರಿಗಿಂತ ಬಿಲ್ಲುಗಳ ಫೈಲಿಗೆ ಜಾಸ್ತಿ ಬೆಲೆ ಕೊಡ್ತೀವಿ. 911ರ ಕ್ಲಚ್ ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದಾಗ ಆ ಬೇರಿಂಗಿಗೆ ಕೈ ಎಟುಕುತ್ತೆ. ಅದೇ ಬಿಲ್ಲಿನಲ್ಲಿ ಹೊಸ ಬೇರಿಂಗಿನ ಹೆಸರೂ ಇದ್ದರೆ ಮಾಲೀಕ ವಿಷಯ ತಿಳಿದವನು ಅಂತಲೇ ಅರ್ಥ.

ಫೈಲು ಎರಡಕ್ಕೂ ಅರೆಬರೆ ಇದ್ದರೆ ನಮ್ಮ ವೋಟು ಎಂ3ಗೆ. ಅದರ ಸಮಸ್ಯೆಗಳನ್ನ ಕೊಳ್ಳೋ ಮುಂಚೆಯೇ ಎಣಿಸಿ, ನೆಲದ ವೆಲ್ಡಿಂಗಿಗೂ ರಾಡ್ ಬೇರಿಂಗಿಗೂ ಇಷ್ಟು ಅಂತ ದುಡ್ಡು ತೆಗೆದಿಟ್ಟು, ಅಷ್ಟನ್ನ ಬೆಲೆಯಲ್ಲಿ ಇಳಿಸಿ ಕೇಳಬಹುದು. ಬೇರಿಂಗ್ ಬದಲಾಗಿ, ಬೋರ್‌ಸ್ಕೋಪ್ ಫೋಟೋ ಚೊಕ್ಕವಾಗಿರೋ 996 ಸಿಕ್ಕರೆ ಮಾತ್ರ ಲೆಕ್ಕ ತಿರುಗುತ್ತೆ. ಆ 180 ಕೆಜಿ ಕಡಿಮೆ ತೂಕ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತೆ. ನಮ್ಮ ತಂಡದ ಇಬ್ಬರು ಮಾತ್ರ ಇನ್ನೂ ಒಪ್ಪಿಲ್ಲ. ಆ 996ರ ಮುಂದಿನ ದೀಪಗಳು ಒಡೆದ ಮೊಟ್ಟೆ ಥರ ಕಾಣುತ್ತಂತೆ, ಅದನ್ನ ಯಾವ ಎಫ್‌ಎಂಇಎಗೆ ಸೇರಿಸ್ತೀರಾ ಅಂತ ಕೇಳ್ತಿದ್ದಾರೆ.